ಹಳೆಯ ಜನಗಣತಿ ಪುಟ, ಮರಣ ದಾಖಲೆ ಹಿಡಿದು ನಿಮ್ಮ ಹಿರಿಯರನ್ನು ಹುಡುಕುವುದು ಹೇಗೆ?

ಮುತ್ತಜ್ಜನ ಹೆಸರು ಎಷ್ಟೋ ಮನೆಗಳಲ್ಲಿ ಗೊತ್ತಿರುತ್ತದೆ. ಮುತ್ತಜ್ಜನ ಅಮ್ಮನ ಹೆಸರೇನು, ಅವರ ತವರು ಯಾವುದು ಅಂತ ಕೇಳಿ ನೋಡಿ, ಹೆಚ್ಚಿನವರು ಸುಮ್ಮನಾಗುತ್ತಾರೆ. ಮೂರು ನಾಲ್ಕು ತಲೆಮಾರು ಆಚೆಗೆ ಬಾಯಿಮಾತಿನ ನೆನಪು ನಿಂತುಹೋಗುತ್ತದೆ. ಅಲ್ಲಿಂದ ಹಿಂದಕ್ಕೆ ಹೋಗಬೇಕಾದರೆ ಕಾಗದವೇ ಗತಿ. ಅದರಲ್ಲೂ ಎರಡು ಬಗೆಯ ಕಾಗದ ಬಹಳ ಮುಖ್ಯ. ಒಂದು ಹಳೆಯ ಜನಗಣತಿಯ ಪುಟ, ಇನ್ನೊಂದು ಮರಣ ದಾಖಲೆ. ಗಣತಿ ಪುಟ ಒಂದು ಮನೆಯಲ್ಲಿ ಒಂದು ದಿನ ಯಾರ್ಯಾರು ಇದ್ದರು ಅಂತ ಹೇಳುತ್ತದೆ. ಮರಣ ದಾಖಲೆ ಒಬ್ಬರ ಬದುಕು ಎಲ್ಲಿ ಮುಗಿಯಿತು ಅಂತ ಹೇಳುತ್ತದೆ, ಎಷ್ಟೋ ಸಲ ಎಲ್ಲಿ ಶುರುವಾಗಿತ್ತು ಅನ್ನುವುದನ್ನೂ ಹೇಳಿಬಿಡುತ್ತದೆ.

ಹುಡುಕಾಟಕ್ಕೆ ಇಳಿಯುವ ಮೊದಲು ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ನೆನಪಿಟ್ಟುಕೊಳ್ಳಿ. ಯಾವ ದಾಖಲೆ ಸಿಕ್ಕರೂ ಇದನ್ನು ಕೇಳಬೇಕು: ಈ ಮಾತು ಹೇಳಿದವರು ಯಾರು? ಸರ್ಕಾರದ ಮೊಹರು ಬಿದ್ದಿದೆ ಅಂದ ಮಾತ್ರಕ್ಕೆ ಅದರಲ್ಲಿರುವುದೆಲ್ಲ ನಿಜ ಅಲ್ಲ. ಒಬ್ಬರು ಹೇಳಿದ್ದಾರೆ, ಇನ್ನೊಬ್ಬರು ಬರೆದುಕೊಂಡಿದ್ದಾರೆ, ಅಷ್ಟೇ. ಹೇಳಿದವರಿಗೆ ಅದು ಗೊತ್ತಿತ್ತಾ, ಸುಮ್ನೆ ಅಂದಾಜಿಗೆ ಹೇಳಿದರಾ, ಬೇರೆ ಏನಾದರೂ ಕಾರಣ ಇತ್ತಾ ಅಂತ ಯೋಚಿಸುವವರಿಗೆ ದಾರಿ ಸಿಗುತ್ತದೆ. ಉಳಿದವರು ಯಾರದೋ ತಾತನನ್ನು ತಮ್ಮ ತಾತ ಅಂದುಕೊಂಡು ಮುಂದೆ ಹೋಗಿಬಿಡುತ್ತಾರೆ.

ಯಾವ ದೇಶದಲ್ಲಿ ಏನು ಸಿಗುತ್ತದೆ ಅಂತ ಮೊದಲು ತಿಳಿದುಕೊಳ್ಳಿ

ಎಲ್ಲಾ ದೇಶಗಳೂ ಗಣತಿಯ ಹಾಳೆಗಳನ್ನು ಹೆಸರು ಸಮೇತ ಉಳಿಸಿಕೊಂಡಿಲ್ಲ. ಉಳಿಸಿಕೊಂಡವರೂ ಕೂಡಲೇ ಬಯಲು ಮಾಡುವುದಿಲ್ಲ. ಅಮೆರಿಕದಲ್ಲಿ 72 ವರ್ಷ ಕಾಯಬೇಕು. 1950ರ ಗಣತಿ ಜನರ ಕೈಗೆ ಬಂದಿದ್ದು 2022ರ ಏಪ್ರಿಲ್ 1ಕ್ಕೆ. ಕೆನಡಾದಲ್ಲಿ 92 ವರ್ಷ, ಅಲ್ಲಿ 1931ರ ಗಣತಿ 2023ರಲ್ಲಿ ಬಿಡುಗಡೆಯಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 100 ವರ್ಷ, 1921ರ ಗಣತಿ 2022ರ ಜನವರಿಯಲ್ಲಿ ಬಂತು. ಐರ್ಲೆಂಡ್‌ನ 1901 ಮತ್ತು 1911ರ ಗಣತಿ ಅಲ್ಲಿನ ರಾಷ್ಟ್ರೀಯ ದಾಖಲೆಗಾರದ ವೆಬ್‌ಸೈಟ್‌ನಲ್ಲಿ ಪೂರ್ತಿ ಉಚಿತ.

ಆಸ್ಟ್ರೇಲಿಯಾದ ಕಥೆಯೇ ಬೇರೆ. ಅಲ್ಲಿ ಲೆಕ್ಕ ಮುಗಿದ ಮೇಲೆ ಗಣತಿಯ ಹಾಳೆಗಳನ್ನು ನಾಶ ಮಾಡುವ ಪದ್ಧತಿ ಇತ್ತು, ಹಾಗಾಗಿ ಗಣತಿಯಲ್ಲಿ ಹೆಸರು ಹುಡುಕಲು ಹೋದರೆ ಹೆಚ್ಚೇನೂ ಸಿಗುವುದಿಲ್ಲ. ಆದರೆ ಅಲ್ಲಿನ ಹಳೆಯ ಮರಣ ಪ್ರಮಾಣಪತ್ರಗಳು ಬಹಳ ವಿವರವಾಗಿವೆ. ಅಪ್ಪ ಅಮ್ಮನ ಹೆಸರು, ಹುಟ್ಟಿದ ಊರು, ಆ ಸೀಮೆಗೆ ಬಂದು ಎಷ್ಟು ವರ್ಷವಾಗಿತ್ತು, ಮದುವೆ ಎಲ್ಲಿ ಯಾರ ಜೊತೆ ಆಯಿತು, ಮಕ್ಕಳ ಹೆಸರು ಮತ್ತು ವಯಸ್ಸು, ಇಷ್ಟೂ ಒಂದೇ ಹಾಳೆಯಲ್ಲಿ ಸಿಗುವುದುಂಟು.

ಭಾರತದ ಗಣತಿ 1872ರಿಂದ ಇದೆ, ಇಡೀ ದೇಶದಲ್ಲಿ ಒಟ್ಟಿಗೆ ನಡೆದಿದ್ದು 1881ರಿಂದ. ಆದರೆ ಇಲ್ಲಿ ಓದಲು ಸಿಗುವುದು ಅಂಕಿ ಅಂಶದ ವರದಿಗಳು ಮಾತ್ರ. ಮನೆಮನೆಯ ಹೆಸರಿನ ಹಾಳೆಗಳನ್ನು ನೋಡಲು 1948ರ ಜನಗಣತಿ ಕಾಯ್ದೆ ಬಿಡುವುದಿಲ್ಲ. ಕೂಲಿ ಕರಾರಿನ ಮೇಲೆ ಫಿಜಿ, ಮಾರಿಷಸ್, ಟ್ರಿನಿಡಾಡ್ ಕಡೆಗೆ ಹಡಗು ಹತ್ತಿದವರ ವಂಶದವರಿಗೆ ಮಾತ್ರ ಬೇರೊಂದು ದಾರಿ ಇದೆ. ಅವರ ವಲಸೆ ಪಾಸುಗಳಲ್ಲಿ ಅಪ್ಪನ ಹೆಸರು, ಜಿಲ್ಲೆ, ಠಾಣೆ, ಹಳ್ಳಿ, ಮೈಮೇಲಿನ ಮಚ್ಚೆ ಕಲೆಗಳ ತನಕ ಬರೆದಿರುತ್ತಾರೆ. ಮಾರಿಷಸ್‌ನ ಇಂಥ ದಾಖಲೆಗಳು ಅಲ್ಲಿನ ಮಹಾತ್ಮ ಗಾಂಧಿ ಇನ್‌ಸ್ಟಿಟ್ಯೂಟ್‌ನಲ್ಲಿವೆ.

ಈ ಲೇಖನದಲ್ಲಿ ಹೇಳುವುದು ಹೆಚ್ಚಾಗಿ ಅಮೆರಿಕ, ಬ್ರಿಟನ್, ಐರ್ಲೆಂಡ್ ದಾಖಲೆಗಳ ಬಗ್ಗೆ. ಯಾಕೆಂದರೆ ಕುಳಿತಲ್ಲೇ ತೆರೆದು ನೋಡಬಹುದಾದ ಹಳೆಯ ಪುಟಗಳು ಅಲ್ಲಿನವೇ ಜಾಸ್ತಿ. ಹುಡುಕುವ ರೀತಿ ಮಾತ್ರ ಎಲ್ಲಾ ಕಡೆ ಹೆಚ್ಚುಕಡಿಮೆ ಒಂದೇ.

ಮೊದಲ ಹೆಜ್ಜೆ: ಇತ್ತೀಚೆಗೆ ತೀರಿಕೊಂಡವರಿಂದ ಹಿಂದಕ್ಕೆ ಹೋಗಿ

ನೂರೈವತ್ತು ವರ್ಷದ ಹಿಂದಿನ ಒಬ್ಬ ಪ್ರಸಿದ್ಧ ವ್ಯಕ್ತಿಯನ್ನು ಹಿಡಿದುಕೊಂಡು ಅವರಿಂದ ನಮ್ಮ ತನಕ ಗೆರೆ ಎಳೆಯಲು ಹೊರಡಬೇಡಿ. ಗೊತ್ತಿರುವವರಿಂದ ಗೊತ್ತಿಲ್ಲದವರ ಕಡೆಗೆ, ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು. ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. ಬರೀ ಹೆಸರು, ಇಸವಿ ಕೇಳಿದರೆ ಅವರಿಗೂ ಬೇಜಾರು. "ದೊಡ್ಡಜ್ಜಿ ಹೋದಾಗ ನಿಮಗೆ ಎಷ್ಟು ವಯಸ್ಸು? ಆಗ ಯಾವ ಮನೆಯಲ್ಲಿದ್ರಿ? ಮಣ್ಣು ಮಾಡಿದ್ದು ಎಲ್ಲಿ? ಅವರ ತಮ್ಮಂದಿರು ಯಾರಾದ್ರೂ ಬಂದಿದ್ರಾ?" ಅಂತ ಕೇಳಿ. ಇಸವಿ ತಾನಾಗಿಯೇ ಹೊರಗೆ ಬರುತ್ತದೆ, ಜೊತೆಗೆ ನೀವು ಕೇಳದೇ ಇದ್ದ ನಾಲ್ಕು ಹೆಸರೂ ಬರುತ್ತವೆ.

ಒಬ್ಬೊಬ್ಬರಿಗೂ ಒಂದೊಂದು ಹಾಳೆ ಇಡಿ. ಪೂರ್ತಿ ಹೆಸರು, ಮನೆಯಲ್ಲಿ ಕರೆಯುತ್ತಿದ್ದ ಹೆಸರು, ಹುಟ್ಟಿದ ಅಂದಾಜು ಇಸವಿ, ಸತ್ತ ಅಂದಾಜು ಇಸವಿ, ಬಾಳಿದ ಊರುಗಳು, ಒಡಹುಟ್ಟಿದವರು, ಇಷ್ಟು ಇರಲಿ. ಹೆಂಗಸರಾದರೆ ತವರಿನ ಮನೆತನದ ಹೆಸರನ್ನು ಬೇರೆಯಾಗಿಯೇ ಬರೆದುಕೊಳ್ಳಿ, ಮುಂದೆ ಅದೇ ಕೀಲಿಕೈ. ಒಡಹುಟ್ಟಿದವರನ್ನು ಬಿಡಬೇಡಿ ಅಂತ ಒತ್ತಿ ಹೇಳುತ್ತೇನೆ. ನಿಮ್ಮ ಮುತ್ತಜ್ಜಿಯ ಮರಣ ದಾಖಲೆಯಲ್ಲಿ ಅಮ್ಮನ ಹೆಸರಿನ ಜಾಗ ಖಾಲಿ ಇದ್ದರೆ, ಅವರ ತಂಗಿಯ ದಾಖಲೆಯಲ್ಲಿ ಅದೇ ಹೆಸರು ತುಂಬಿರಬಹುದು.

ಎರಡನೇ ಹೆಜ್ಜೆ: ಮರಣ ದಾಖಲೆಯನ್ನು ಎರಡು ಭಾಗ ಮಾಡಿ ಓದಿ

ಎಲ್ಲಿಂದ ಶುರು ಮಾಡಬೇಕು ಅಂದರೆ ಸಾವಿನಿಂದ. ಕಾರಣ ಇಷ್ಟೇ, ಸರ್ಕಾರಗಳು ಜನನಕ್ಕಿಂತ ಮರಣವನ್ನು ಎಷ್ಟೋ ಕಡೆ ಹೆಚ್ಚು ಸರಿಯಾಗಿ ಬರೆದಿಟ್ಟಿವೆ. ಮಣ್ಣು ಮಾಡಲು ಅನುಮತಿ ಬೇಕಿತ್ತು, ಆಸ್ತಿ ಹಂಚಲು ಕಾಗದ ಬೇಕಿತ್ತು.

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ ಶುರುವಾಗಿದ್ದು 1837ರ ಜುಲೈ 1ಕ್ಕೆ. ಸ್ಕಾಟ್ಲೆಂಡ್‌ನಲ್ಲಿ 1855ರಿಂದ, ಐರ್ಲೆಂಡ್‌ನಲ್ಲಿ 1864ರಿಂದ. ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೆ ಒಂದೊಂದು ಇಸವಿ. ಮ್ಯಾಸಚೂಸೆಟ್ಸ್ 1841ರಲ್ಲೇ ಶುರು ಮಾಡಿತ್ತು, ಪೆನ್ಸಿಲ್ವೇನಿಯಾದಲ್ಲಿ ರಾಜ್ಯಮಟ್ಟದ ಮರಣ ಪ್ರಮಾಣಪತ್ರ ಬಂದಿದ್ದು 1906ರಲ್ಲಿ, ಮಿಸ್ಸೌರಿಯಲ್ಲಿ 1910ರಲ್ಲಿ. ಮಿಸ್ಸೌರಿಯವರು 50 ವರ್ಷ ದಾಟಿದ ಪ್ರಮಾಣಪತ್ರಗಳ ಚಿತ್ರಗಳನ್ನು ಉಚಿತವಾಗಿ ನೆಟ್‌ನಲ್ಲಿ ಹಾಕಿದ್ದಾರೆ. ನಿಮಗೆ ಅಲ್ಲಿ ಸಂಬಂಧಿಕರು ಯಾರೂ ಇಲ್ಲದಿದ್ದರೂ ಪರವಾಗಿಲ್ಲ, ಓದಿ ಅಭ್ಯಾಸ ಮಾಡಿಕೊಳ್ಳಲು ಅಲ್ಲಿಗೇ ಹೋಗಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಅಂಥ ಒಂದು ಪ್ರಮಾಣಪತ್ರ ಮುಂದಿದೆ ಅಂದುಕೊಳ್ಳಿ. ಸಾಮಾನ್ಯವಾಗಿ ಎಡಗಡೆ ಸತ್ತವರ ವಿವರ: ಹೆಸರು, ಮದುವೆಯಾಗಿತ್ತಾ, ಹುಟ್ಟಿದ ದಿನ, ವಯಸ್ಸು, ಕಸುಬು, ಹುಟ್ಟಿದ ಜಾಗ, ಅಪ್ಪನ ಹೆಸರು, ಅಮ್ಮನ ತವರಿನ ಹೆಸರು, ಅವರಿಬ್ಬರೂ ಹುಟ್ಟಿದ ಜಾಗ. ಬಲಗಡೆ ವೈದ್ಯರು ಬರೆದ ಭಾಗ: ಸತ್ತ ದಿನ, ಎಷ್ಟು ದಿನದಿಂದ ನೋಡಿಕೊಳ್ಳುತ್ತಿದ್ದರು, ಸಾವಿನ ಕಾರಣ. ಈ ಬಲಗಡೆಯದ್ದನ್ನು ಹೆಚ್ಚು ನಂಬಬಹುದು, ಯಾಕೆಂದರೆ ಬರೆದವರು ಅಲ್ಲೇ ಇದ್ದವರು. ಎಡಗಡೆಯದ್ದು ಹಾಗಲ್ಲ. ಎಂಬತ್ತು ವರ್ಷದ ಹಿಂದೆ ಬೇರೆ ದೇಶದಲ್ಲಿ ಹುಟ್ಟಿದವರ ಅಮ್ಮನ ಹೆಸರನ್ನು ಯಾರು ಹೇಳಬೇಕು? ಅದಕ್ಕೇ ಆ ಪತ್ರದಲ್ಲಿ ಮಾಹಿತಿ ಕೊಟ್ಟವರ ಹೆಸರು ಮತ್ತು ವಿಳಾಸಕ್ಕೆ ಒಂದು ಚಿಕ್ಕ ಜಾಗ ಇರುತ್ತದೆ. ಮೊದಲು ಕಣ್ಣು ಹಾಯಿಸಬೇಕಾದ್ದು ಅಲ್ಲಿ. ಹೆಂಡತಿ ಹೇಳಿದ್ದರೆ ಒಂದು ಲೆಕ್ಕ, ಅಳಿಯ ಹೇಳಿದ್ದರೆ ಇನ್ನೊಂದು ಲೆಕ್ಕ. ಅಲ್ಲಿ "ಆಸ್ಪತ್ರೆಯ ದಾಖಲೆ" ಅಂತಷ್ಟೇ ಬರೆದಿದ್ದರೆ ಎಡಗಡೆಯ ಪ್ರತಿ ಸಾಲನ್ನೂ ಬೇರೆ ಕಡೆ ಪರೀಕ್ಷೆ ಮಾಡಲೇಬೇಕು. ಅತ್ತು ಸುಸ್ತಾದ ಮಗ ಅಜ್ಜಿಯ ತವರಿನ ಹೆಸರು ಹೇಳುವ ಬದಲು ತನ್ನ ಅಮ್ಮನ ತವರಿನ ಹೆಸರು ಹೇಳಿಬಿಡುವುದು ಅಪರೂಪವೇನಲ್ಲ.

ಮಾಹಿತಿ ಕೊಟ್ಟವರ ಹೆಸರಿಗೆ ಇನ್ನೊಂದು ಉಪಯೋಗವೂ ಇದೆ. ಮದುವೆಯಾಗಿ ಹೆಸರು ಬದಲಾದ ಮಗಳೊಬ್ಬಳು ನಿಮಗೆ ಸಿಗದೇ ಇದ್ದರೆ, ಅಪ್ಪನ ಮರಣಪತ್ರದಲ್ಲಿ ಅವಳೇ ಗಂಡನ ಮನೆತನದ ಹೆಸರಿನಲ್ಲಿ ಸಹಿ ಹಾಕಿರುತ್ತಾಳೆ, ವಿಳಾಸ ಸಮೇತ.

ಸಾವಿನ ಕಾರಣದ ಪಕ್ಕದಲ್ಲಿ ಎಷ್ಟೋ ಅಮೆರಿಕನ್ ಪತ್ರಗಳಲ್ಲಿ ಬೇರೆ ಕೈಬರಹದಲ್ಲಿ ಒಂದು ಸಂಖ್ಯೆ ಗೀಚಿರುತ್ತದೆ. ಅದು ಯಾರೋ ಸುಮ್ನೆ ಗೀಚಿದ್ದಲ್ಲ, ಅಂತರರಾಷ್ಟ್ರೀಯ ಕಾಯಿಲೆ ಪಟ್ಟಿಯ ಕೋಡ್. ವೈದ್ಯರ ಅಕ್ಷರ ಓದಲು ಬರದಿದ್ದರೆ, ಆ ಇಸವಿಗೆ ಸಂಬಂಧಿಸಿದ ಪಟ್ಟಿ ತೆಗೆದು ಆ ಸಂಖ್ಯೆ ನೋಡಿ, ಕಾಯಿಲೆ ಯಾವುದು ಅಂತ ಗೊತ್ತಾಗುತ್ತದೆ. ಹಳೆಯ ಕಾಯಿಲೆ ಹೆಸರುಗಳಿಗೆ ಹೆದರಬೇಡಿ. ಕನ್ಸಂಪ್ಷನ್, ಥೈಸಿಸ್ ಅಂದರೆ ಕ್ಷಯ. ಡ್ರಾಪ್ಸಿ ಅಂದರೆ ಮೈಯಲ್ಲಿ ನೀರು ತುಂಬಿ ಬಾವು ಬರುವುದು. ಅಪೊಪ್ಲೆಕ್ಸಿ ಅಂದರೆ ಹೆಚ್ಚಾಗಿ ಲಕ್ವ.

ಇಂಗ್ಲೆಂಡಿನ ಮರಣ ಪ್ರಮಾಣಪತ್ರ ಇಷ್ಟು ಉದಾರಿ ಅಲ್ಲ. ಹಳೆಯ ಪತ್ರಗಳಲ್ಲಿ ದೊಡ್ಡವರು ಸತ್ತರೆ ಅಪ್ಪ ಅಮ್ಮನ ಹೆಸರೇ ಇರುವುದಿಲ್ಲ. ಸ್ಕಾಟ್ಲೆಂಡಿನದ್ದರಲ್ಲಿ 1855ರಿಂದಲೇ ಇಬ್ಬರ ಹೆಸರೂ ಇರುತ್ತದೆ. ಅದರಲ್ಲೂ 1855 ಒಂದೇ ವರ್ಷ ಹುಟ್ಟಿದ ಊರು, ಮಕ್ಕಳ ವಿವರ ಎಲ್ಲಾ ಬರೆಸಿಕೊಂಡಿದ್ದರು. ನಿಮ್ಮವರು ಯಾರಾದರೂ ಆ ವರ್ಷ ಅಲ್ಲಿ ತೀರಿಕೊಂಡಿದ್ದರೆ ಆ ಒಂದು ಹಾಳೆಗಾಗಿ ಎಷ್ಟು ಕಷ್ಟಪಟ್ಟರೂ ಸಾರ್ಥಕ.

ಮೂರನೇ ಹೆಜ್ಜೆ: ಸಾವಿನ ಹಿಂದಿನ ಗಣತಿಗೆ ಹೋಗಿ

ಸತ್ತ ಇಸವಿ ಸಿಕ್ಕಿತು ಅಲ್ವಾ, ಈಗ ಅದಕ್ಕಿಂತ ಸ್ವಲ್ಪ ಹಿಂದಿನ ಗಣತಿ ತೆಗೆಯಿರಿ. 1934ರಲ್ಲಿ ಅಮೆರಿಕದಲ್ಲಿ ತೀರಿಕೊಂಡವರಾದರೆ 1930ರದ್ದು. ಅಲ್ಲಿ ಸಿಕ್ಕರೆ 1920, ಆಮೇಲೆ 1910, 1900. ಒಂದನ್ನೂ ಹಾರಿಸಬೇಡಿ. ಮಧ್ಯದ ಒಂದು ಗಣತಿ ಬಿಟ್ಟರೆ ಮಧ್ಯದ ಒಂದು ಮದುವೆಯನ್ನೋ ಒಂದು ಮಗುವನ್ನೋ ಬಿಟ್ಟ ಹಾಗೆ.

ಪ್ರತಿ ಗಣತಿಗೂ ಒಂದು ನಿಗದಿತ ದಿನ ಇರುತ್ತದೆ. ಅಮೆರಿಕದಲ್ಲಿ 1900ಕ್ಕೆ ಜೂನ್ 1, 1910ಕ್ಕೆ ಏಪ್ರಿಲ್ 15, 1920ಕ್ಕೆ ಜನವರಿ 1, 1930 ಮತ್ತು 1940ಕ್ಕೆ ಏಪ್ರಿಲ್ 1. ಗಣತಿಯವರು ಮನೆಗೆ ಯಾವತ್ತು ಬಂದರೂ ಆ ನಿಗದಿತ ದಿನದ ಸ್ಥಿತಿಯನ್ನೇ ಬರೆಯಬೇಕಿತ್ತು. ಅಂದರೆ ಜೂನ್ 1ರ ನಂತರ, ಅವರು ಬರುವ ಮೊದಲು ತೀರಿಕೊಂಡವರೂ ಪಟ್ಟಿಯಲ್ಲಿ ಬದುಕಿರುವವರ ಹಾಗೆಯೇ ಕಾಣಬಹುದು. ವಯಸ್ಸಿನ ಲೆಕ್ಕವೂ ಅಷ್ಟೇ. 1900ರ ಗಣತಿಯಲ್ಲಿ 34 ಅಂತಿದ್ದರೆ 1866 ಅಂತ ನೇರವಾಗಿ ಬರೆದುಕೊಳ್ಳಬೇಡಿ. 1865ರ ಜೂನ್‌ನಿಂದ 1866ರ ಜೂನ್ 1ರ ನಡುವೆ ಯಾವಾಗ ಬೇಕಾದರೂ ಹುಟ್ಟಿರಬಹುದು.

ನಾಲ್ಕನೇ ಹೆಜ್ಜೆ: ಒಂದು ಸಾಲು ಓದಿ ಪುಟ ಮುಚ್ಚಬೇಡಿ

ಹೆಚ್ಚಿನವರು ಎಡವುವುದು ಇಲ್ಲೇ. ಸರ್ಚ್‌ನಲ್ಲಿ ಹೆಸರು ಬಂತು, ಅದನ್ನು ಬರೆದುಕೊಂಡರು, ಮುಗೀತು. ಮೂಲ ಪುಟದ ಚಿತ್ರ ತೆರೆದು ನೋಡದವರಿಗೆ ಸಿಗುವುದು ಅರ್ಧ ಮಾತ್ರ.

1900ರ ಅಮೆರಿಕದ ಪುಟವನ್ನೇ ತೆಗೆದುಕೊಳ್ಳಿ. ವಯಸ್ಸಿನ ಜೊತೆಗೆ ಹುಟ್ಟಿದ ತಿಂಗಳು ಮತ್ತು ಇಸವಿ ಬೇರೆ ಅಂಕಣದಲ್ಲಿದೆ. ಮದುವೆಯಾಗಿ ಎಷ್ಟು ವರ್ಷ ಅಂತ ಒಂದು ಅಂಕಣ. ಆಮೇಲೆ ಹೆಂಗಸರಿಗೆ ಮಾತ್ರ ಎರಡು ಅಂಕಣ: ಹೆತ್ತ ಮಕ್ಕಳು ಎಷ್ಟು, ಈಗ ಬದುಕಿರುವವರು ಎಷ್ಟು. ಒಬ್ಬ ತಾಯಿಯ ಎದುರು 7 ಮತ್ತು 4 ಅಂತ ಇದೆ ಅಂದುಕೊಳ್ಳಿ. ಮನೆಯಲ್ಲಿ ಮೂರು ಮಕ್ಕಳ ಹೆಸರಿದೆ. ಅಂದರೆ ಬದುಕಿರುವ ಒಂದು ಮಗು ಆ ದಿನ ಬೇರೆ ಕಡೆ ಇದೆ, ಅದನ್ನು ಬೇರೆ ಮನೆಯ ಪಟ್ಟಿಯಲ್ಲಿ ಹುಡುಕಬೇಕು. ಇನ್ನು ಮೂರು ಮಕ್ಕಳು 1900ರ ಜೂನ್‌ಗೆ ಮೊದಲೇ ತೀರಿಕೊಂಡಿದ್ದಾರೆ. ಅವರ ಹೆಸರು ಕುಟುಂಬದಲ್ಲಿ ಯಾರಿಗೂ ನೆನಪಿರಲಿಕ್ಕಿಲ್ಲ. ಊರಿನ ಮರಣ ರಿಜಿಸ್ಟರ್‌ನಲ್ಲಿ, ಚರ್ಚಿನ ಪುಸ್ತಕದಲ್ಲಿ, ಸ್ಮಶಾನದ ಲೆಕ್ಕದಲ್ಲಿ ಅವರನ್ನು ಹುಡುಕಬಹುದು, ಹುಡುಕಬೇಕು ಕೂಡ. ಒಂದು ವರ್ಷವೂ ಬದುಕದ ಮಗುವಿಗೂ ವಂಶವೃಕ್ಷದಲ್ಲಿ ಜಾಗ ಇದೆ.

ವಲಸೆ ಬಂದವರಾದರೆ ಬಂದ ಇಸವಿ ಇರುತ್ತದೆ, ಪಕ್ಕದಲ್ಲಿ ಇಂಗ್ಲಿಷಿನ ಎರಡು ಅಕ್ಷರ. ಎನ್-ಎ ಅಂದರೆ ಪೌರತ್ವ ಸಿಕ್ಕಿದೆ, ಪಿ-ಎ ಅಂದರೆ ಅರ್ಜಿ ಹಾಕಿದ್ದಾರೆ, ಎ-ಎಲ್ ಅಂದರೆ ಇನ್ನೂ ಪರದೇಶಿ. ಎನ್-ಎ ಇದ್ದರೆ ಮುಂದೆ ಕೋರ್ಟಿನ ಪೌರತ್ವ ಕಾಗದ ಹುಡುಕಲು ದಾರಿಯಾಯಿತು, ಅದರಲ್ಲಿ ಎಷ್ಟೋ ಸಲ ಹುಟ್ಟಿದ ಹಳ್ಳಿಯ ಹೆಸರೇ ಇರುತ್ತದೆ. 1930ರ ಪುಟದಲ್ಲಿ ಮನೆಯಲ್ಲಿ ರೇಡಿಯೋ ಇದೆಯಾ ಅಂತಲೂ ಕೇಳಿದ್ದಾರೆ. ವಂಶ ಹುಡುಕಲು ಅದರಿಂದ ಉಪಯೋಗವಿಲ್ಲ, ಆದರೆ ನಮ್ಮ ಮುತ್ತಜ್ಜಿ ರೇಡಿಯೋ ಕೇಳುತ್ತಿದ್ದರು ಅಂತ ತಿಳಿಯುವುದು ಎಷ್ಟು ಚೆಂದ!

ಇನ್ನು ಆ ಮುಖ್ಯ ಪ್ರಶ್ನೆ, ಹೇಳಿದವರು ಯಾರು? ಹೆಚ್ಚಿನ ಗಣತಿಗಳಲ್ಲಿ ಇದಕ್ಕೆ ಉತ್ತರ ಇಲ್ಲ. ಬಾಗಿಲು ತೆರೆದವರು ಹೇಳಿರಬಹುದು, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಮನೆಯವರು ಹೇಳಿರಬಹುದು. 1940ರ ಅಮೆರಿಕದ ಗಣತಿಯಲ್ಲಿ ಮಾತ್ರ ಉತ್ತರ ಇದೆ. ಮಾಹಿತಿ ಕೊಟ್ಟವರ ಹೆಸರಿನ ಪಕ್ಕದಲ್ಲಿ ಒಂದು ಸುತ್ತು ಹಾಕಿ ಅದರೊಳಗೆ ಗುಣಾಕಾರ ಚಿಹ್ನೆ ಹಾಕಿದ್ದಾರೆ. ಆ ಗುರುತು ಹೆಂಡತಿಯ ಹೆಸರಿನ ಪಕ್ಕ ಇದ್ದರೆ ಗಂಡನ ವಯಸ್ಸು ಎರಡು ವರ್ಷ ಆಚೀಚೆ ಇರುವುದಕ್ಕೆ ಕಾರಣ ಗೊತ್ತಾಯಿತು.

ಇಂಗ್ಲೆಂಡಿನ 1841ರ ಗಣತಿಯಲ್ಲಿ ಇನ್ನೊಂದು ತೊಡಕು. 15 ದಾಟಿದವರ ವಯಸ್ಸನ್ನು ಐದರ ಲೆಕ್ಕಕ್ಕೆ ಕೆಳಗೆ ಇಳಿಸಿ ಬರೆಯಲು ಹೇಳಿದ್ದರು. 34 ಆಗಿದ್ದವರು 30, 39 ಆಗಿದ್ದವರು 35. ಹುಟ್ಟಿದ ಊರೂ ಇಲ್ಲ, ಅದೇ ಕೌಂಟಿಯಲ್ಲಿ (ನಮ್ಮ ಜಿಲ್ಲೆಯ ಹಾಗೆ) ಹುಟ್ಟಿದ್ದಾ ಇಲ್ಲವಾ ಅಂತ ಮಾತ್ರ. ಆ ಪುಟದಿಂದ ಹುಟ್ಟಿದ ಇಸವಿ ಹಿಡಿಯಲು ಹೋಗಬೇಡಿ, 1851ರದ್ದು ನೋಡಿ.

ಅದೇ ದೇಶದ 1911ರ ಹಾಳೆ ಮಾತ್ರ ನನಗೆ ಬಹಳ ಇಷ್ಟ. ಅದಕ್ಕೆ ಹಿಂದಿನ ಗಣತಿಗಳಲ್ಲಿ ನಮಗೆ ಸಿಗುವುದು ಗಣತಿದಾರರು ನಕಲು ಮಾಡಿದ ಪುಸ್ತಕ. 1911ರಲ್ಲಿ ಮನೆಯ ಯಜಮಾನರು ಸ್ವಂತ ಕೈಯಲ್ಲಿ ತುಂಬಿದ ಹಾಳೆಯೇ ಉಳಿದಿದೆ. ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳು ಎಷ್ಟು, ಸತ್ತವರು ಎಷ್ಟು ಅಂತ ಗಂಡ ಇರುವ ಹೆಂಗಸರನ್ನು ಮಾತ್ರ ಕೇಳಿದ್ದರು. ಆದರೂ ಕೆಲವು ವಿಧವೆಯರು ಕೇಳದಿದ್ದರೂ ಬರೆದಿದ್ದಾರೆ. ಕಚೇರಿಯವರು ಅದರ ಮೇಲೆ ಗೆರೆ ಎಳೆದಿದ್ದಾರೆ, ಆದರೆ ಗೆರೆಯ ಕೆಳಗೆ ಅಂಕಿ ಈಗಲೂ ಓದಲು ಬರುತ್ತದೆ. ಹಾಗಾಗಿ ಹೊಡೆದು ಹಾಕಿದ್ದನ್ನೂ ಓದಿ.

ಹೆಸರು ಸಿಗುತ್ತಿಲ್ಲವಾ?

ಹೆಚ್ಚಿನ ಸಲ ಹೆಸರು ಅಲ್ಲೇ ಇರುತ್ತದೆ, ಬೇರೆ ರೂಪದಲ್ಲಿ. ಗಣತಿದಾರರು ಕಿವಿಗೆ ಬಿದ್ದ ಹಾಗೆ ಬರೆದರು. ನೂರು ವರ್ಷದ ನಂತರ ಇನ್ನೊಬ್ಬರು ಆ ಕೈಬರಹ ನೋಡಿ ಕಂಪ್ಯೂಟರ್‌ಗೆ ಹಾಕಿದರು. ಎರಡು ಕಡೆ ತಪ್ಪಲು ಅವಕಾಶ ಇದೆ. ಅದಕ್ಕೇ ಸೌಂಡೆಕ್ಸ್ ಅನ್ನುವ ವಿಧಾನ ಬಂತು, ಅದಕ್ಕೆ 1918ರಲ್ಲೇ ಪೇಟೆಂಟ್ ಸಿಕ್ಕಿತ್ತು. ಮನೆತನದ ಹೆಸರಿನ ಮೊದಲ ಅಕ್ಷರ ಇಟ್ಟುಕೊಂಡು, ಉಳಿದ ವ್ಯಂಜನಗಳನ್ನು ಸದ್ದಿಗೆ ತಕ್ಕಂತೆ ಮೂರು ಅಂಕಿ ಮಾಡುತ್ತಾರೆ. ಸ್ಮಿತ್ ಆದರೂ ಸ್ಮೈತ್ ಆದರೂ ಎಸ್-530 ಆಗುತ್ತದೆ. ಹುಡುಕುವ ಸೈಟ್‌ಗಳಲ್ಲಿ ಇದನ್ನು ಆನ್ ಮಾಡುವ ಆಯ್ಕೆ ಇದ್ದರೆ ಮಾಡಿಕೊಳ್ಳಿ. ಆದರೆ ಮೊದಲ ಅಕ್ಷರವೇ ತಪ್ಪಿದ್ದರೆ ಇದು ಕೈ ಹಿಡಿಯುವುದಿಲ್ಲ.

ಆಗ ಮನೆತನದ ಹೆಸರನ್ನು ಬಿಟ್ಟೇ ಹುಡುಕಿ. ಮೊದಲ ಹೆಸರು, ಅಂದಾಜು ವಯಸ್ಸು, ಹುಟ್ಟಿದ ದೇಶ, ಊರು, ಇಷ್ಟೇ ಹಾಕಿ. ಅದೂ ಆಗಲಿಲ್ಲ ಅಂದರೆ ಮನೆಯಲ್ಲಿ ಅಪರೂಪದ ಹೆಸರು ಇರುವ ಮಗುವನ್ನು ಹುಡುಕಿ. ಜಾನ್, ಮೇರಿ ಸಾವಿರ ಸಿಗುತ್ತಾರೆ, ಅದೇ ಮನೆಯ ಆರು ವರ್ಷದ ಹುಡುಗಿಗೆ ಅಪರೂಪದ ಹೆಸರಿದ್ದರೆ ಒಂದೇ ಏಟಿಗೆ ಮನೆ ಸಿಕ್ಕಿಬಿಡುತ್ತದೆ.

ಅದೂ ಸೋತರೆ ಹೆಸರನ್ನು ಪೂರ್ತಿ ಬಿಟ್ಟು ವಿಳಾಸ ಹಿಡಿಯಿರಿ. ಮರಣಪತ್ರದಲ್ಲಿ, ಹಳೆಯ ಕಾಗದಗಳಲ್ಲಿ, ಊರಿನ ಡೈರೆಕ್ಟರಿಯಲ್ಲಿ ಬೀದಿಯ ಹೆಸರು ಸಿಗುತ್ತದೆ. ಅಮೆರಿಕದಲ್ಲಿ 1880ರಿಂದ ಗಣತಿಯನ್ನು ಚಿಕ್ಕ ಚಿಕ್ಕ ವಿಭಾಗ ಮಾಡಿ ನಡೆಸಿದ್ದಾರೆ. ಬೀದಿ ಗೊತ್ತಿದ್ದರೆ ಆ ವಿಭಾಗದ ಸಂಖ್ಯೆ ಕಂಡುಹಿಡಿಯಲು ಸ್ಟೀವ್ ಮೋರ್ಸ್ ಅವರ ಒನ್-ಸ್ಟೆಪ್ ಸೈಟ್‌ನಲ್ಲಿ ಉಚಿತ ಸಾಧನಗಳಿವೆ. ಸಂಖ್ಯೆ ಸಿಕ್ಕ ಮೇಲೆ ಪುಟ ಪುಟ ಮಗುಚಿ ಆ ಬೀದಿ ಬರುವ ತನಕ ಹೋಗಿ. ನಿಧಾನದ ಕೆಲಸ, ಆದರೆ ಬೇರೆ ಯಾವ ವಿಧಾನಕ್ಕೂ ಸಿಗದವರು ಇದಕ್ಕೆ ಸಿಗುತ್ತಾರೆ. ಹೋಗುವಾಗ ಅಕ್ಕಪಕ್ಕದ ಹತ್ತು ಮನೆಯವರನ್ನೂ ಓದಿ. ಅಣ್ಣ ತಮ್ಮ, ಬೀಗರು, ಒಂದೇ ಹಳ್ಳಿಯಿಂದ ಬಂದವರು ಒಂದೇ ಬೀದಿಯಲ್ಲಿ ಮನೆ ಮಾಡಿರುತ್ತಿದ್ದರು.

ಕೆಲವರು ಬೇಕೆಂದೇ ತಪ್ಪಿಸಿಕೊಂಡಿದ್ದೂ ಉಂಟು. 1911ರಲ್ಲಿ ಬ್ರಿಟನ್‌ನಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಕೇಳುತ್ತಿದ್ದವರು ಗಣತಿಗೆ ಬಹಿಷ್ಕಾರ ಹಾಕಿದ್ದರು. ಅವರಲ್ಲೊಬ್ಬರಾದ ಎಮಿಲಿ ಡೇವಿಸನ್ ಗಣತಿಯ ರಾತ್ರಿ ಸಂಸತ್ ಭವನದೊಳಗಿನ ಒಂದು ಕಪಾಟಿನಲ್ಲಿ ಅಡಗಿ ಕುಳಿತಿದ್ದರು, ಅವರ ಹೆಸರು ಆ ಕಟ್ಟಡದ ಹಾಳೆಯಲ್ಲೇ ದಾಖಲಾಗಿದೆ. ನಿಮ್ಮ ಮುತ್ತಜ್ಜಿ ಆ ವರ್ಷದ ಪಟ್ಟಿಯಲ್ಲಿ ಕಾಣದಿದ್ದರೆ ಅದಕ್ಕೂ ಒಂದು ಕಥೆ ಇರಬಹುದು.

ಪುಟಗಳೇ ಇಲ್ಲದ ಕಡೆ

ಕೆಲವು ಸಲ ನೀವು ಎಷ್ಟು ಹುಡುಕಿದರೂ ಸಿಗುವುದಿಲ್ಲ, ಯಾಕೆಂದರೆ ಇಲ್ಲ. ಅಮೆರಿಕದ 1890ರ ಗಣತಿಗೆ 1921ರ ಜನವರಿಯಲ್ಲಿ ವಾಷಿಂಗ್ಟನ್‌ನಲ್ಲಿ ಬೆಂಕಿ ಬಿತ್ತು. ಬೆಂಕಿಯ ಜೊತೆ ನೀರೂ ಸೇರಿ ಹಾಳು ಮಾಡಿತು, ಉಳಿದಿದ್ದು ಚೂರುಪಾರು. 1880ರಿಂದ 1900ರ ತನಕ ಇಪ್ಪತ್ತು ವರ್ಷದ ಹಳ್ಳ ಅದು. ಇಂಗ್ಲೆಂಡಿನ 1931ರ ಗಣತಿ 1942ರ ಬೆಂಕಿಯಲ್ಲಿ ಹೋಯಿತು, 1941ರಲ್ಲಿ ಯುದ್ಧದ ಕಾರಣ ಗಣತಿಯೇ ನಡೆಯಲಿಲ್ಲ. ಅಲ್ಲಿ 1939ರ ಸೆಪ್ಟೆಂಬರ್ 29ರಂದು ಮಾಡಿದ ನೋಂದಣಿ ಪುಸ್ತಕ ಕೈ ಹಿಡಿಯುತ್ತದೆ. ಅದರಲ್ಲಿ ಹುಟ್ಟಿದ ದಿನಾಂಕ ಪೂರ್ತಿ ಇದೆ. ಅದನ್ನು ಆಮೇಲೆ ಆರೋಗ್ಯ ಸೇವೆಯವರು ಬಳಸುತ್ತಿದ್ದರಿಂದ, ಹೆಂಗಸರು ಮದುವೆಯಾದಾಗ ಹೊಸ ಮನೆತನದ ಹೆಸರನ್ನು ಹಳೆಯದರ ಮೇಲೆ ಬರೆದಿದ್ದಾರೆ.

ಅಮೆರಿಕದ ಗುಲಾಮರ ವಂಶದವರಿಗೆ ಎದುರಾಗುವ ಗೋಡೆ ಬೆಂಕಿಯಿಂದ ಆದದ್ದಲ್ಲ. 1850 ಮತ್ತು 1860ರಲ್ಲಿ ಗುಲಾಮರನ್ನು ಬೇರೆ ಪಟ್ಟಿಯಲ್ಲಿ ಎಣಿಸಿದರು, ಮಾಲೀಕನ ಹೆಸರಿನ ಕೆಳಗೆ ಬರೀ ವಯಸ್ಸು, ಲಿಂಗ, ಬಣ್ಣ. ಅವರಲ್ಲಿ ಹೆಚ್ಚಿನವರಿಗೆ ಗಣತಿಯಲ್ಲಿ ಹೆಸರು ಸಿಕ್ಕಿದ್ದು 1870ರಲ್ಲಿ. ಅದಕ್ಕಿಂತ ಹಿಂದೆ ಹೋಗಲು ಮಾಲೀಕನ ಮನೆತನದ ಉಯಿಲು, ಆಸ್ತಿ ಪಟ್ಟಿ ಹುಡುಕಬೇಕಾಗುತ್ತದೆ. ಮನುಷ್ಯರನ್ನು ಸಾಮಾನಿನ ಜೊತೆ ಪಟ್ಟಿ ಮಾಡಿದ್ದನ್ನು ಓದುವುದು ಬಹಳ ನೋವಿನ ಕೆಲಸ, ಆದರೂ ಅಜ್ಜಿಯ ಅಜ್ಜಿಯ ಹೆಸರು ಇರುವುದು ಅಲ್ಲೇ.

ಗಣತಿ ಮತ್ತು ಮರಣ ಎರಡೂ ಸೇರಿದ ಒಂದು ದಾಖಲೆಯೂ ಇದೆ, ಹೆಚ್ಚು ಜನ ನೋಡುವುದಿಲ್ಲ. 1850ರಿಂದ 1880ರ ತನಕದ ಅಮೆರಿಕದ ಗಣತಿಗಳಲ್ಲಿ ಹಿಂದಿನ ಹನ್ನೆರಡು ತಿಂಗಳಲ್ಲಿ ಮನೆಯಲ್ಲಿ ಯಾರು ತೀರಿಕೊಂಡರು ಅಂತ ಬೇರೆ ಪಟ್ಟಿ ಮಾಡಿದ್ದರು. ಹೆಸರು, ವಯಸ್ಸು, ತಿಂಗಳು, ಕಾರಣ. ಮರಣ ನೋಂದಣಿಯೇ ಇಲ್ಲದ ರಾಜ್ಯಗಳಲ್ಲಿ ಆ ಒಂದು ವರ್ಷಕ್ಕೆ ಇದೇ ಮರಣ ದಾಖಲೆ.

ಒಂದಕ್ಕೊಂದು ತಾಳೆ ಆಗದಿದ್ದರೆ

ಆಗುವುದಿಲ್ಲ, ಅದಕ್ಕೆ ಈಗಲೇ ಸಿದ್ಧರಾಗಿ. ನಾಲ್ಕು ದಾಖಲೆಯಲ್ಲಿ ನಾಲ್ಕು ವಯಸ್ಸು ಇರುತ್ತದೆ. ಸರಾಸರಿ ತೆಗೆಯಬೇಡಿ, ನಿಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಲೂ ಬೇಡಿ. ಯಾರು ಹೇಳಿದರು, ಘಟನೆ ನಡೆದ ಎಷ್ಟು ವರ್ಷದ ನಂತರ ಹೇಳಿದರು, ಯಾಕೆ ಹಾಗೆ ಹೇಳಿದರು ಅಂತ ನೋಡಿ.

ಐರ್ಲೆಂಡಿನ ಉದಾಹರಣೆ ಹೇಳಿದರೆ ಇದು ಸ್ಪಷ್ಟವಾಗುತ್ತದೆ. 1901ರ ಗಣತಿಯಲ್ಲಿ 55 ಅಂತ ಬರೆಸಿದವರು 1911ರಲ್ಲಿ 70, 72 ಅಂತ ಬರೆಸಿರುವುದು ಅಲ್ಲಿ ಎಷ್ಟೋ ಮನೆಗಳಲ್ಲಿ ಕಾಣುತ್ತದೆ. ಹತ್ತು ವರ್ಷದಲ್ಲಿ ಹದಿನೈದು ವರ್ಷ ಹೇಗೆ ವಯಸ್ಸಾಯಿತು? ನಡುವೆ 1908ರ ವೃದ್ಧಾಪ್ಯ ಪಿಂಚಣಿ ಕಾಯ್ದೆ ಬಂದಿತ್ತು, 1909ರ ಜನವರಿಯಿಂದ 70 ಆದವರಿಗೆ ಪಿಂಚಣಿ. 1864ಕ್ಕೆ ಮೊದಲು ಹುಟ್ಟಿದವರಿಗೆ ಸರ್ಕಾರಿ ಜನನ ದಾಖಲೆ ಇರಲಿಲ್ಲ. ಬಡವರು ವಯಸ್ಸನ್ನು ಏರಿಸಿ ಹೇಳಿದರು, ಇನ್ನು ಕೆಲವರಿಗೆ ನಿಜವಾದ ವಯಸ್ಸು ಆಗಲೇ ಮೊದಲು ಲೆಕ್ಕ ಹಾಕಿ ಗೊತ್ತಾಯಿತು. ಪಿಂಚಣಿ ಕಚೇರಿಯವರು ವಯಸ್ಸು ಖಚಿತ ಮಾಡಿಕೊಳ್ಳಲು 1841 ಮತ್ತು 1851ರ ಗಣತಿ ಪುಸ್ತಕಗಳನ್ನು ತೆಗೆಸಿ ನೋಡುತ್ತಿದ್ದರು. ಆ ಪುಸ್ತಕಗಳಲ್ಲಿ ಹೆಚ್ಚಿನವು 1922ರಲ್ಲಿ ಡಬ್ಲಿನ್‌ನ ಫೋರ್ ಕೋರ್ಟ್ಸ್ ಅನ್ನುವ ನ್ಯಾಯಾಲಯ ಕಟ್ಟಡದ ಬೆಂಕಿಯಲ್ಲಿ ಸುಟ್ಟುಹೋದವು. ಆದರೆ ಪಿಂಚಣಿಗಾಗಿ ಹುಡುಕಿಸಿದ ಅರ್ಜಿಗಳು ಉಳಿದಿವೆ. ಅಪ್ಪ ಅಮ್ಮನ ಹೆಸರು, ಹಳ್ಳಿ ಎಲ್ಲಾ ಅದರಲ್ಲಿದೆ. ಪುಸ್ತಕ ಹೋದರೂ ಪುಸ್ತಕದಿಂದ ಎತ್ತಿಕೊಂಡ ಸಾಲು ಉಳಿಯಿತು.

ನಿಮ್ಮ ಹಾಳೆಯಲ್ಲಿ ಪ್ರತಿ ಮಾಹಿತಿಯ ಎದುರು ಅದು ಯಾವ ದಾಖಲೆಯ ಯಾವ ಪುಟದಿಂದ ಬಂತು ಅಂತ ಬರೆದಿಡಿ. ಸಿಗದೇ ಇದ್ದದ್ದನ್ನೂ ಬರೆಯಿರಿ: ಇಂಥ ಗಣತಿಯಲ್ಲಿ ಇಂಥ ಹೆಸರಿನ ಇಂಥ ರೂಪಗಳನ್ನು ಹಾಕಿ ನೋಡಿದೆ, ಇಲ್ಲ ಅಂತ. ಇಲ್ಲದಿದ್ದರೆ ಆರು ತಿಂಗಳ ನಂತರ ಅದೇ ಪುಟಗಳನ್ನು ಮತ್ತೆ ಮಗುಚುತ್ತಾ ಕೂರಬೇಕಾಗುತ್ತದೆ. ನೆಟ್‌ನಲ್ಲಿ ಬೇರೆಯವರು ಹಾಕಿರುವ ವಂಶವೃಕ್ಷ ಸಿಕ್ಕರೆ ಅದನ್ನು ಸುಳಿವು ಅಂತ ಮಾತ್ರ ತೆಗೆದುಕೊಳ್ಳಿ. ಹತ್ತು ಜನ ಒಂದೇ ಇಸವಿ ಬರೆದಿದ್ದಾರೆ ಅಂದರೆ ಒಬ್ಬರು ಬರೆದಿದ್ದನ್ನು ಒಂಬತ್ತು ಜನ ನಕಲು ಮಾಡಿರಬಹುದು.

ಬದುಕಿರುವವರ ಹುಟ್ಟಿದ ದಿನ, ವಿಳಾಸ ಇವನ್ನೆಲ್ಲ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ. ಸಾವಿನ ಕಾರಣದಲ್ಲಿ ಆತ್ಮಹತ್ಯೆ, ಮಾನಸಿಕ ಆಸ್ಪತ್ರೆ ಇಂಥದ್ದೇನಾದರೂ ಕಂಡರೆ ಮೊದಲು ಮನೆಯ ಹತ್ತಿರದವರ ಜೊತೆ ಒಂಟಿಯಾಗಿ ಮಾತಾಡಿ. ಅದು ನಿಮಗೆ ಹಳೆಯ ಕಾಗದ, ಅವರಿಗೆ ಅಪ್ಪನೋ ಅಕ್ಕನೋ.

ದುಡ್ಡು ಕೊಡುವ ಸೈಟ್‌ಗಳಿಗೆ ಸೇರುವ ಮೊದಲು ಫ್ಯಾಮಿಲಿಸರ್ಚ್‌ನಲ್ಲಿ ಖಾತೆ ಮಾಡಿಕೊಳ್ಳಿ. ಸಾಲ್ಟ್ ಲೇಕ್ ಸಿಟಿಯಿಂದ ನಡೆಯುವ ಈ ಸೈಟ್ ಪೂರ್ತಿ ಉಚಿತ, ಅನೇಕ ದೇಶಗಳ ಮೈಕ್ರೋಫಿಲ್ಮ್ ಚಿತ್ರಗಳು ಅಲ್ಲಿವೆ. ಎಲ್ಲಾ ಚಿತ್ರಗಳೂ ಹೆಸರು ಹಾಕಿದರೆ ಸಿಗುವುದಿಲ್ಲ, ಕೆಲವನ್ನು ಊರಿನ ಹೆಸರಿನ ಮೇಲೆ ಕ್ಯಾಟಲಾಗ್‌ನಲ್ಲಿ ಹುಡುಕಿ ಪುಟ ಪುಟ ನೋಡಬೇಕು. ನಿಮ್ಮ ಮುತ್ತಜ್ಜಿಯ ಹೆಸರನ್ನು ಯಾರೋ ತಪ್ಪಾಗಿ ಓದಿ ಸೇರಿಸಿದ್ದಾರೆ ಅಂತ ಕಂಡರೆ, ಎಷ್ಟೋ ದಾಖಲೆಗಳಲ್ಲಿ ಅದನ್ನು ತಿದ್ದುವ ಆಯ್ಕೆ ಅಲ್ಲೇ ಇದೆ. ಎರಡು ನಿಮಿಷದ ಕೆಲಸ, ತಿದ್ದಿಬಿಡಿ. ಅದೇ ಅಜ್ಜಿಯನ್ನು ಹುಡುಕುತ್ತಾ ಬರುವ ನಿಮ್ಮ ದೂರದ ದಾಯಾದಿಗೆ ಮೊದಲ ಸಲಕ್ಕೇ ಸಿಗಲಿ.